ರಾತ್ರಿ ಎದ್ದ ಸೇಫ್ಟಿ ವಾಲ್ವ್ ಯಾವುದು? ವೈರ್‌ಲೆಸ್ ಸೆನ್ಸರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಗುಜರಾತಿನ ದಹೇಜ್‌ನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ನಮ್ಮಲ್ಲಿ 60ಕ್ಕೂ ಹೆಚ್ಚು ಸೇಫ್ಟಿ ವಾಲ್ವ್‌ಗಳು (ಒತ್ತಡ ಮಿತಿ ಮೀರಿದರೆ ತಾವೇ ಎದ್ದು, ಅಂದರೆ ತೆರೆದು, ಗ್ಯಾಸ್ ಹೊರಬಿಡುವ ವಾಲ್ವ್‌ಗಳು) ಒಂದೇ ಫ್ಲೇರ್ ಹೆಡರ್‌ಗೆ, ಅಂದರೆ ಗ್ಯಾಸನ್ನು ಸುಡುವ ಚಿಮಣಿಗೆ ಒಯ್ಯುವ ದೊಡ್ಡ ಪೈಪಿಗೆ ಸೇರುತ್ತವೆ. ಕೆಲವು ರಾತ್ರಿ ಫ್ಲೇರ್ ಉರಿ ದಿಢೀರ್ ಏರುತ್ತದೆ. ಯಾವ ವಾಲ್ವ್ ಎದ್ದಿತ್ತು ಅಂತ ಬೆಳಿಗ್ಗೆ ಯಾರಿಗೂ ಗೊತ್ತಿರುವುದಿಲ್ಲ. ವಾಲ್ವಿನಿಂದ ಗ್ಯಾಸ್ ಹೊರಹೋಗುವ ಟೇಲ್ ಪೈಪಿಗೆ ವೈರ್‌ಲೆಸ್ ಸೆನ್ಸರ್ ಕಟ್ಟಿಸಿ ಎನ್ನುತ್ತಾರೆ. ನಿಜಕ್ಕೂ ಕೆಲಸ ಮಾಡುತ್ತಾ, ಇಲ್ಲ ಸುಮ್ನೆ ಖರ್ಚಾ?

ಉತ್ತರ: ಕೆಲಸ ಮಾಡುತ್ತದೆ. ಆದರೆ ಅದು ಏನನ್ನು ಕೇಳಿಸಿಕೊಳ್ಳುತ್ತದೆ ಎಂದು ಮೊದಲು ತಿಳಿದುಕೊಳ್ಳಿ.

ವಾಲ್ವ್ ತೆರೆದಾಗ ಕಿರಿದಾದ ಜಾಗದಿಂದ ಗ್ಯಾಸ್ ಭಾರೀ ವೇಗದಲ್ಲಿ ನುಗ್ಗುತ್ತದೆ. ಆಗ ಪೈಪಿನ ಲೋಹದಲ್ಲಿ ಅಲ್ಟ್ರಾಸೌಂಡ್, ಅಂದರೆ ನಮ್ಮ ಕಿವಿಗೆ ಕೇಳದಷ್ಟು ಏರುಶ್ರುತಿಯ ಸದ್ದು ಹಬ್ಬುತ್ತದೆ. ಸೆನ್ಸರ್ ಹಿಡಿಯುವುದು ಇದನ್ನು. ಪೈಪ್ ಕೊರೆಯಬೇಕಿಲ್ಲ, ಪ್ಲಾಂಟ್ ನಿಲ್ಲಿಸಬೇಕಿಲ್ಲ. ಬಣ್ಣ, ಇನ್ಸುಲೇಷನ್ ತೆಗೆದು, ಸ್ವಚ್ಛ ಲೋಹಕ್ಕೆ ತಾಗುವಂತೆ ಪಟ್ಟಿ ಬಿಗಿದರೆ ಆಯಿತು. ಪೈಪಿನ ಉಷ್ಣಾಂಶವನ್ನೂ ಅಳೆಯುವ ಸಾಧನವನ್ನೇ ತಗೊಳ್ಳಿ.

ಹಾಕಿಸಿದ ಮೇಲೆ ವೆಸೆಲ್ ಪ್ರೆಶರ್, ಸದ್ದು, ಉಷ್ಣಾಂಶ ಮೂರನ್ನೂ ಡಿಸಿಎಸ್‌ನಲ್ಲಿ (ಪ್ಲಾಂಟ್ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಒಂದೇ ಟ್ರೆಂಡ್‌ಗೆ, ಅಂದರೆ ಒಂದೇ ಗ್ರಾಫಿಗೆ ತನ್ನಿ. ಪ್ರೆಶರ್ ಸೆಟ್ ಪಾಯಿಂಟ್ (ವಾಲ್ವ್ ಏಳಬೇಕಾದ ಒತ್ತಡ) ಹತ್ತಿರ ಬಂದಾಗ ಸದ್ದಿನ ಗೆರೆ ಸ್ವಲ್ಪ ಅದುರಿ ಮೇಲೇಳುತ್ತದೆ. ವಾಲ್ವ್ ಪಾಪ್ ಆದ, ಅಂದರೆ ಫಕ್ಕನೆ ತೆರೆದ ಕ್ಷಣ ಗೋಡೆಯ ಹಾಗೆ ನೆಟ್ಟಗೆ ಏರುತ್ತದೆ. ಉಷ್ಣಾಂಶ ಹಿಂದಿನಿಂದ ನಿಧಾನವಾಗಿ ಬರುತ್ತದೆ: ಬಿಸಿ ಗ್ಯಾಸಾದರೆ ಏರುತ್ತದೆ, ಎಲ್‌ಪಿಜಿಯಂಥದ್ದಾದರೆ ಇಳಿಯುತ್ತದೆ. ಪ್ರೆಶರ್ ಇಳಿದು ವಾಲ್ವ್ ಕೂತ ಮೇಲೆ ಸದ್ದು ಮೊದಲಿದ್ದ ಮಟ್ಟಕ್ಕೇ ಬರಬೇಕು. ಸ್ವಲ್ಪ ಮೇಲೆಯೇ ನಿಂತಿತೋ, ವಾಲ್ವ್ ಪಾಸ್ ಆಗುತ್ತಿದೆ, ಅಂದರೆ ಪೂರ್ತಿ ಮುಚ್ಚದೆ ಸೋರುತ್ತಿದೆ ಅಂತ ಅನುಮಾನ ಪಡಿ. ಸೀಟಿನ (ವಾಲ್ವ್ ಮುಚ್ಚಿ ಕೂರುವ ಜಾಗ) ಮೇಲೆ ಕಸ ಕೂತಿರಬಹುದು, ಸೀಟ್ ಗೀರಿರಬಹುದು. ಇಡೀ ಟ್ರೆಂಡ್‌ನಲ್ಲಿ ನಾನು ಮೊದಲು ನೋಡುವುದು ಈ ಕೊನೆಯ ತುಣುಕನ್ನೇ.

ಯಾಕೆ ಅಂದರೆ, ಪಾಸ್ ಆಗುವ ವಾಲ್ವನ್ನು ಹಾಗೇ ಬಿಟ್ಟರೆ ಸೆನ್ಸರಿನ ಮಾತಿಗೆ ಬೆಲೆ ಇರುವುದಿಲ್ಲ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ 1979ರ ಮಾರ್ಚ್ 28ರಂದು ಆದದ್ದು ಇದೇ. ಒತ್ತಡ ಏರಿ ರಿಲೀಫ್ ವಾಲ್ವ್ ತೆರೆಯಿತು, ಆಮೇಲೆ ಮುಚ್ಚದೆ ಸಿಕ್ಕಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ಮಾತ್ರ ಆರಿತ್ತು. ಆ ದೀಪ ತೋರಿಸುತ್ತಿದ್ದದ್ದು ಮುಚ್ಚಲು ಸಿಗ್ನಲ್ ಹೋಗಿದೆ ಎಂಬುದನ್ನಷ್ಟೇ. ವಾಲ್ವ್ ನಿಜವಾಗಿ ಮುಚ್ಚಿತೇ ಎಂದು ಅದು ಹೇಳುತ್ತಿರಲಿಲ್ಲ. ಟೇಲ್ ಪೈಪ್ ಬಿಸಿ ಇರುವುದು ಆಪರೇಟರುಗಳಿಗೆ ಕಂಡಿತ್ತು. ಆದರೆ ಆ ಸಾಲಿನಲ್ಲಿ ಮೊದಲೇ ಲೀಕ್ ಇತ್ತು, ಪೈಪ್ ಯಾವಾಗಲೂ ಬಿಸಿಯೇ. ಹಾಗಾಗಿ ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ತಂಪಿಡುವ ನೀರು ಸೋರಿಹೋಗಿ, ರಿಯಾಕ್ಟರಿನ ತಿರುಳಿನ ದೊಡ್ಡ ಭಾಗ ಕರಗಿತು.

ಆದ್ದರಿಂದ ಅಲಾರ್ಮ್ ಮಟ್ಟ ಇಡುವ ಮೊದಲು, ಪ್ಲಾಂಟ್ ಪೂರ್ತಿ ಲೋಡ್‌ನಲ್ಲಿ ಓಡುವಾಗ ಕೆಲವು ದಿನದ ರೀಡಿಂಗ್ ತೆಗೆದಿಡಿ. ಪಕ್ಕದ ಕಂಟ್ರೋಲ್ ವಾಲ್ವ್, ಸ್ಟೀಮ್ ಟ್ರ್ಯಾಪ್‌ಗಳ ಸದ್ದೂ ಪೈಪಿನಲ್ಲೇ ಬರುತ್ತದೆ, ಅಲ್ವಾ? ಇನ್ನೊಂದು ವಿಷಯವನ್ನು ಮಾರುವವರ ಬಳಿ ಖಚಿತ ಮಾಡಿಕೊಳ್ಳಿ: ಸಾಧನ ಎಷ್ಟು ಸೆಕೆಂಡಿಗೊಮ್ಮೆ ಓದುತ್ತದೆ? ಬ್ಯಾಟರಿ ಉಳಿಸಲು ನಿಮಿಷಕ್ಕೊಮ್ಮೆ ಮಾತ್ರ ಓದುವಂತೆ ಇಟ್ಟರೆ 10 ಸೆಕೆಂಡಿನ ಪಾಪ್ ಕೈತಪ್ಪಬಹುದು.

ಎಲ್ಲ 60 ವಾಲ್ವ್‌ಗಳಿಗೂ ಒಟ್ಟಿಗೇ ಹಾಕಿಸಬೇಡಿ. ಫ್ಲೇರ್‌ಗೆ ಸೇರದೆ ನೇರ ಗಾಳಿಗೆ ಬಿಡುವ ವಾಲ್ವ್‌ಗಳಿದ್ದರೆ ಅವು, ವಿಷಾನಿಲದ ಸಾಲಿನವು, ಹಿಂದೆ ಎದ್ದ ದಾಖಲೆ ಇರುವವು, ಸೆಟ್ ಪ್ರೆಶರಿನ ಶೇ 90 ದಾಟಿ ಓಡುವ ವೆಸೆಲ್‌ನವು ಮೊದಲು. ಗಾಳಿಗೆ ಬಿಡುವ ವಾಲ್ವ್‌ಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೂಡ ಗಂಭೀರವಾಗಿ ತಗೊಂಡಿದೆ. ಅದರ 2015ರ ರಿಫೈನರಿ ನಿಯಮದ ಪ್ರಕಾರ, ಅಪಾಯಕಾರಿ ಅನಿಲದ ಅಂಥ ವಾಲ್ವ್ ಯಾವಾಗ ಎದ್ದಿತು, ಎಷ್ಟು ಹೊತ್ತು ತೆರೆದಿತ್ತು ಎಂದು ದಾಖಲಿಸಬೇಕು. ಟ್ಯಾಂಕಿನ ಒಳಹೊರಗೆ ಗಾಳಿಯಾಡಿಸುವ ಬ್ರೀದರ್ ವಾಲ್ವ್‌ನಂಥ ಕಡಿಮೆ ಒತ್ತಡದ ಜಾಗಕ್ಕೆ ಸದ್ದಿನ ಸೆನ್ಸರ್ ಬೇಡ, ಅಲ್ಲಿ ಸದ್ದೇ ಸಾಲದು. ವಾಲ್ವ್ ಕೆಳಗೆ ರಪ್ಚರ್ ಡಿಸ್ಕ್ (ಗೊತ್ತಾದ ಒತ್ತಡಕ್ಕೆ ಒಡೆಯುವ ತೆಳು ತಟ್ಟೆ) ಇದ್ದರೆ ಅವೆರಡರ ನಡುವೆ ಒತ್ತಡ ಅಳೆದು ತಿಳಿಸುವ ಪ್ರೆಶರ್ ಟ್ರಾನ್ಸ್‌ಮಿಟರ್ ಇರಲಿ. ಡಿಸ್ಕ್‌ನಲ್ಲಿ ಸೂಜಿತೂತು ಬಿದ್ದು ನಡುವೆ ಒತ್ತಡ ತುಂಬಿಕೊಂಡರೆ, ಡಿಸ್ಕ್ ಒಡೆಯಬೇಕಾದ ಪ್ರೆಶರಿಗೆ ಒಡೆಯುವುದಿಲ್ಲ.

ಪ್ರಶ್ನೆ: ಸುತ್ತ ಇಷ್ಟೊಂದು ಕಬ್ಬಿಣ ಇರುವಾಗ ವೈರ್‌ಲೆಸ್ ಸಿಗ್ನಲ್ ಸಿಗುತ್ತಾ? ಬೇರೆಯವರು ಒಳಗೆ ನುಗ್ಗಿದರೆ?

ಉತ್ತರ: ಕಾರ್ಖಾನೆಯ ಸಾಧನಗಳಿಗೆಂದೇ ಇರುವ ವೈರ್‌ಲೆಸ್‌ಹಾರ್ಟ್ ಎಂಬ ರೇಡಿಯೊ ಪದ್ಧತಿಯಲ್ಲಿ ಪ್ರತಿ ಸಾಧನವೂ ಪಕ್ಕದವರ ಮಾಹಿತಿಯನ್ನು ಮುಂದಕ್ಕೆ ದಾಟಿಸುತ್ತದೆ. ಒಂದು ದಾರಿಗೆ ಕ್ರೇನ್ ಅಡ್ಡ ಬಂದರೆ ಇನ್ನೊಂದು ದಾರಿ. ಪ್ರತಿ ಸಾಧನಕ್ಕೂ ಕನಿಷ್ಠ 3 ನೆರೆಯವರು ಸಿಗುವಂತೆ ಜಾಗ ಗುರುತಿಸಿ. ಆಂಟೆನಾ ನೆಟ್ಟಗಿರಲಿ, ದೊಡ್ಡ ಪೈಪ್, ಕಂಬಗಳಿಂದ ಅರ್ಧ ಮೀಟರಾದರೂ ದೂರ ಇರಲಿ. ಇದು 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ, ಮಾಹಿತಿ 128 ಬಿಟ್ ಗೂಢಲಿಪಿಯಲ್ಲಿ ಹೋಗುತ್ತದೆ. ಆದರೆ ಗೇಟ್‌ವೇಯ (ಎಲ್ಲ ಸಾಧನಗಳ ಮಾಹಿತಿ ಬಂದು ಸೇರುವ ಪೆಟ್ಟಿಗೆ) ಪಾಸ್‌ವರ್ಡ್ ಕಂಪನಿ ಕೊಟ್ಟದ್ದೇ ಇದ್ದರೆ ಅದಕ್ಕೆ ಅರ್ಥವಿಲ್ಲ, ಮೊದಲ ದಿನವೇ ಬದಲಿಸಿ. ಸ್ಫೋಟಕ ಅನಿಲದ ಜಾಗದಲ್ಲಿ ಆ ಝೋನ್‌ಗೆ (ಅಪಾಯದ ಮಟ್ಟದ ವಲಯ) ಪೆಸೋ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತೆಯ ಕೇಂದ್ರ ಸಂಸ್ಥೆಯ ಅನುಮತಿ ಇರುವ ಸಾಧನವನ್ನೇ ಹಾಕಬೇಕು. ಬ್ಯಾಟರಿಯೂ ಅದೇ ಪ್ರಮಾಣಪತ್ರದಲ್ಲಿ ಹೇಳಿದ್ದೇ ಆಗಿರಬೇಕು.

ಪ್ರಶ್ನೆ: ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ಇಂಥ ಸೆನ್ಸರ್ ಹಾಕಿಸಿದರೆ ಸೇಫ್ಟಿ ವಾಲ್ವ್ ಟೆಸ್ಟ್ ಬಿಡಬಹುದಾ?

ಉತ್ತರ: ಖಂಡಿತ ಬೇಡ. ಸರಿಯಾಗಿ ಮುಚ್ಚಿರುವ ವಾಲ್ವ್ ಮೌನವಾಗಿರುತ್ತದೆ. ತುಕ್ಕು ಹಿಡಿದು, ಏಳಲಾರದೆ ಕೂತ ವಾಲ್ವೂ ಅಷ್ಟೇ ಮೌನವಾಗಿರುತ್ತದೆ. ಸೆನ್ಸರ್‌ಗೆ ಎರಡೂ ಒಂದೇ. ಬಾಯ್ಲರ್ ಇನ್‌ಸ್ಪೆಕ್ಟರ್ ಎದುರು ಸ್ಟೀಮ್ ಏರಿಸಿ ವಾಲ್ವ್ ಎಬ್ಬಿಸಿ ತೋರಿಸಿದಾಗ ಮಾತ್ರ ಅದು ಏಳುತ್ತದೆ ಎಂದು ಗೊತ್ತಾಗುವುದು. ಸೆನ್ಸರನ್ನು ನಂಬಿ ಬೇರೆ ಇಂಟರ್‌ಲಾಕ್ (ಅಪಾಯ ಕಂಡಾಗ ತಾನೇ ಯಂತ್ರ ನಿಲ್ಲಿಸುವ ವ್ಯವಸ್ಥೆ) ತೆಗೆಯುವುದೂ ಬೇಡ. ಸೇಫ್ಟಿ ವಾಲ್ವಿನ ಸ್ಪ್ರಿಂಗ್‌ಗೆ ಕರೆಂಟ್ ಬೇಕಿಲ್ಲ, ಸೆನ್ಸರ್‌ಗೆ ಬ್ಯಾಟರಿ ಬೇಕು. ಆದರೆ ಕಬ್ಬು ನುರಿಸುವ ಹಂಗಾಮಿಗೆ ಮುಂಚೆ ಟೆಸ್ಟ್ ಮಾಡುವ ದಿನ ಸೆನ್ಸರ್ ಓಡುತ್ತಿರಲಿ. ವಾಲ್ವ್ ಎದ್ದ ಪ್ರೆಶರ್, ಕೂತ ಪ್ರೆಶರ್, ಆಗಿನ ಸದ್ದಿನ ಗೆರೆ ಮೂರನ್ನೂ ಲಾಗ್ ಪುಸ್ತಕದಲ್ಲಿ ಇಟ್ಟುಕೊಳ್ಳಿ. ಹಂಗಾಮಿನ ನಡುವೆ ಸಂಶಯ ಬಂದಾಗ ಹೋಲಿಸಲು ಅದೇ ಬೇಕಾಗುತ್ತದೆ.