ಎಲೆಕ್ಟ್ರಾನಿಕ್ಸ್ ಏನೂ ಗೊತ್ತಿಲ್ಲದವರು ಮಗಳ ಜೊತೆ ಎಲ್ಲಿಂದ ಶುರು ಮಾಡಬೇಕು?

ಮಗಳಿಗೆ 11 ವರ್ಷ, ದಸರಾ ರಜೆಯಲ್ಲಿ ಅವಳ ಜೊತೆ ಕೂತು ಏನಾದ್ರೂ ಮಾಡ್ಬೇಕು, ಆದ್ರೆ ನನಗೇ ವೈರ್ ಅಂದ್ರೆ ಭಯ, ದುಬಾರಿ ಕಿಟ್ ತರಬೇಕಾ ಅಂತ ಕೇಳಿದ್ದೀರಿ. ಕಿಟ್ ಬೇಡ. ಟಿವಿ ರಿಪೇರಿಯ ಸಾಮಾನು ಮಾರುವ ಅಂಗಡಿಯಿಂದ ಒಂದು ಸಿಆರ್ 2032 ಬಟನ್ ಸೆಲ್ (ನಾಣ್ಯದಂಥ ಚಪ್ಪಟೆ ಬ್ಯಾಟರಿ), ಕೆಂಪು, ಬಿಳಿ ಎರಡೂ ಸೇರಿ ನಾಲ್ಕೈದು ಎಲ್‌ಇಡಿ (ಕಾಲಿರುವ ಪುಟ್ಟ ದೀಪ) ತನ್ನಿ. ನಾನು ಉಡುಪಿಯಲ್ಲಿ ಅಕ್ಕನ ಮಗನಿಗೆ ಕಲಿಸಿದ್ದು ಹೀಗೇ.

ಎಲ್‌ಇಡಿಗೆ ಎರಡು ಕಾಲು. ಉದ್ದದ್ದು ಪ್ಲಸ್. ಸೆಲ್ಲನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿ, ಉದ್ದ ಕಾಲು ಪ್ಲಸ್ ಗುರುತಿನ ಕಡೆಗಿರಲಿ. ಉರಿಯುತ್ತದೆ. ತಿರುಗಿಸಿದರೆ ಇಲ್ಲ. ಆಮೇಲೆ ಅದೇ ಸೆಲ್ಲಿಗೆ ಒಂದು ಕೆಂಪು, ಒಂದು ಬಿಳಿ ಒಟ್ಟಿಗೆ ಸಿಕ್ಕಿಸಿ. ಕೆಂಪು ಮಾತ್ರ ಚೆನ್ನಾಗಿ ಉರಿಯುತ್ತದೆ. ಯಾಕಂದ್ರೆ ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ 3ರ ಹತ್ತಿರ ಬೇಕು. ಇದನ್ನು ಮೊದಲೇ ಹೇಳಿಬಿಡಬೇಡಿ, ಅವಳೇ ನೋಡಿ ನಿಮ್ಮನ್ನು ಕೇಳಲಿ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಜಾಗ್ರತೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಟನ್ ಸೆಲ್ ಎಣಿಸಿ ಎತ್ತಿಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದ ಅನುಮಾನ ಬಂದರೂ ಸೀದಾ ಆಸ್ಪತ್ರೆಗೆ. ಗೋಡೆಯ ಪ್ಲಗ್ಗಿನ ಹತ್ತಿರ ಈ ಯಾವ ಆಟವೂ ಬೇಡ.

ಬಟನ್ ಸೆಲ್ ಜಾಸ್ತಿ ಕರೆಂಟ್ ಕೊಡಲಾರದು, ಅದಕ್ಕೇ ಎಲ್‌ಇಡಿ ಉಳಿಯುತ್ತದೆ. 9 ವೋಲ್ಟ್ ಬ್ಯಾಟರಿ ಹಾಗಲ್ಲ. ನಾನು ಮೊದಲ ಸಲ ನೇರವಾಗಿ ಕೊಟ್ಟಾಗ ಎಲ್‌ಇಡಿ ಟಪ್ ಅಂತ ಸುಟ್ಟಿತ್ತು. 9 ವೋಲ್ಟ್‌ಗೆ ಎಲ್‌ಇಡಿ ಹಾಕುವಾಗ ನಡುವೆ 470 ಓಮ್‌ನ ರೆಸಿಸ್ಟರ್, ಅಂದ್ರೆ ಕರೆಂಟನ್ನು ತಗ್ಗಿಸುವ ಪುಟ್ಟ ಸಾಮಾನು, ಇರಲೇಬೇಕು. ಅದರ ಪಟ್ಟಿಗಳು ಹಳದಿ, ನೇರಳೆ, ಕಂದು.

ಇನ್ನು ಕೀಟಲೆ. ಅವಳಿಗೆ ಇದೇ ಇಷ್ಟ ಆಗೋದು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಎರಡು ತುಟಿಗೂ ಬೇರೆಬೇರೆಯಾಗಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಫಾಯಿಲ್ ಸ್ಪ್ರಿಂಗ್‌ಗೆ ತಾಗಬಾರದು. ಪ್ರತಿ ತುಟಿಗೂ ಒಂದು ವೈರ್. 9 ವೋಲ್ಟ್ ಬ್ಯಾಟರಿಗೆ ಸಿಕ್ಕಿಸುವ ಕ್ಯಾಪಿನ ಕೆಂಪು ವೈರ್ ಬಜರ್‌ನ (ಕರೆಂಟ್ ಕೊಟ್ಟರೆ ಕೂಗುವ ಪುಟ್ಟ ಸಾಮಾನು) ಕೆಂಪಿಗೆ, ಬಜರ್‌ನ ಕಪ್ಪು ಕ್ಲಿಪ್ಪಿನ ಒಂದು ತುಟಿಗೆ, ಇನ್ನೊಂದು ತುಟಿಯಿಂದ ಬ್ಯಾಟರಿ ಕ್ಯಾಪಿನ ಕಪ್ಪಿಗೆ. ಅಂಗಡಿಯಲ್ಲಿ 9 ವೋಲ್ಟ್‌ಗೆ ಕೂಗುವ ಬಜರ್ ಅಂತಲೇ ಕೇಳಿ. ತುಟಿಗಳ ನಡುವೆ ಹಳೇ ಮದುವೆ ಕಾಗದದ ಒಂದು ತುಂಡು ಇಟ್ಟು, ಅದಕ್ಕೆ ದಾರ ಕಟ್ಟಿ, ದಾರದ ತುದಿಯನ್ನು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಮುಚ್ಚಳ ತೆಗೆದರೆ ಕಾಗದ ಜಾರುತ್ತದೆ, ತುಟಿಗಳು ಕೂಡುತ್ತವೆ, ಬಜರ್ ಕೂಗುತ್ತದೆ. ಸ್ವಿಚ್ ಅಂದ್ರೆ ಕರೆಂಟಿನ ದಾರಿಯ ನಡುವಿನ, ಕೂಡಿಸಿ ಬಿಡಿಸಬಹುದಾದ ಒಂದು ಬಿರುಕು ಅಷ್ಟೇ ಅಂತ ಅವಳಿಗೆ ಅಲ್ಲೇ ಗೊತ್ತಾಗುತ್ತದೆ.

ನಮ್ಮನೆಯಲ್ಲಿ ಅದು ಹಲಸಿನ ಹಪ್ಪಳದ ಡಬ್ಬಿ. ಮೊದಲ ಸಲ ದಾರದ ಜೊತೆ ಕ್ಲಿಪ್ಪೂ ಮೇಲೆ ಬಂತು, ಸದ್ದೇ ಇಲ್ಲ. ಹುಡುಗನೇ ಯೋಚಿಸಿ ಕ್ಲಿಪ್ಪನ್ನು ತಳಕ್ಕೆ ಟೇಪ್ ಹಾಕಿ ಕೂರಿಸಿದ. ಆಗ ಅವನ ಮುಖ ನೋಡಬೇಕಿತ್ತು! ಡಬ್ಬಿ ಪ್ಲಾಸ್ಟಿಕ್ಕಿನದೇ ಇರಲಿ, ಸ್ಟೀಲ್ ಆದರೆ ವೈರ್ ತಾಗಿ ಮೊದಲೇ ಕೂಗಬಹುದು. ಹೃದಯದ ತೊಂದರೆ ಇರುವವರ ಮೇಲೆ ಈ ಕೀಟಲೆ ಬೇಡ.

ದಸರಾ ಮುಗಿದರೆ ದೀಪಾವಳಿ ಹತ್ತಿರ, ಅಲ್ವಾ? ನೀವು ಮಂಗಳೂರಿನವರು, ಗೂಡುದೀಪ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಈ ಸಲ ಅಂಗಡಿಯದ್ದು ತರಬೇಡಿ. ಒಂದೇ ಅಳತೆಯ 12 ಬಿದಿರಿನ ಕಡ್ಡಿಗಳನ್ನು ದಾರದಿಂದ ಕಟ್ಟಿದರೆ ಚೌಕದ ಗೂಡು. ಮೈದಾ ಕುದಿಸಿ ಅಂಟು ಮಾಡಿ, ತೆಳು ಬಣ್ಣದ ಕಾಗದ ಹಚ್ಚಿ, ಕೆಳಗೆ ಬಾಲ ಬಿಡಿ. ಒಳಗೆ ಮೂರು ಬಿಳಿ ಎಲ್‌ಇಡಿ, ಒಂದೊಂದಕ್ಕೂ ಅದರದ್ದೇ ಬಟನ್ ಸೆಲ್. ಬಿಳಿಯೇ ಯಾಕೆ ಅಂದ್ರೆ, ಹಸಿರು ಕಾಗದದೊಳಗೆ ಕೆಂಪು ದೀಪ ಇಟ್ಟರೆ ಬೆಳಕು ಹೊರಗೇ ಬರುವುದಿಲ್ಲ ಅನ್ನುವಷ್ಟು ಮಂಕು.

ಸಮುದ್ರದ ಗಾಳಿಗೆ ನಮ್ಮಲ್ಲಿ ಲೋಹ ಬೇಗ ಕಿಲುಬು ಹಿಡಿಯುತ್ತದೆ. ರಾತ್ರಿ ಉರಿದದ್ದು ಮರುದಿನ ಉರಿಯದಿದ್ದರೆ ಸೆಲ್ ಬಿಸಾಡುವ ಮೊದಲು ಎಲ್‌ಇಡಿ ಕಾಲುಗಳನ್ನು ಮರಳು ಕಾಗದದಿಂದ ಉಜ್ಜಿ ನೋಡಿ. ಆ ಹೊತ್ತಿಗೂ ಒಮ್ಮೊಮ್ಮೆ ಮಳೆ ಹೊಯ್ಯುತ್ತದೆ, ಗೂಡನ್ನು ಜಗಲಿಯ ಮಾಡಿನ ಒಳಗೇ ತೂಗಿಸಿ.