ಹಳೆಯ ಮೊರೇವಿಯನ್ ಮನೆಯ ಹಿತ್ತಲಿನಲ್ಲಿ ಏನೇನು ಬೆಳೆಯುತ್ತಿದ್ದರು? ಈಗ ಅಂಥದ್ದನ್ನು ಮಾಡಬಹುದೇ?

ಉತ್ತರ: ಒಳ್ಳೆಯ ಉದಾಹರಣೆ ಅಮೆರಿಕದ ನಾರ್ತ್ ಕೆರೊಲಿನಾದ ಸೇಲಂ (ತಮಿಳುನಾಡಿನದಲ್ಲ). ಜರ್ಮನ್ ಮಾತಾಡುವ ಮೊರೇವಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಕ್ರೈಸ್ತರು 1766ರಲ್ಲಿ ಕಟ್ಟತೊಡಗಿದ ಊರು. ಮನೆ ಬೀದಿಗೆ ಅಂಟಿಕೊಂಡಿರುತ್ತಿತ್ತು, ಹಿಂದಿನ ಉದ್ದ ಜಾಗವೇ ತೋಟ: ಚೌಕ ಪಾತಿಗಳು, ನಡುವೆ ಕಾಲುದಾರಿ, ಸುತ್ತ ಬೇಲಿ. ಬೇಲಿ ಅಂದಕ್ಕಲ್ಲ, ದನ-ಹಂದಿ ನುಗ್ಗದಿರಲಿ ಎಂದು.

ಮುಖ್ಯ ಬೆಳೆ ಎಲೆಕೋಸು. ಅದನ್ನು ಹೆಚ್ಚಿ ಉಪ್ಪು ಬೆರೆಸಿ ಹುಳಿಬರಿಸಿ ಚಳಿಗಾಲಕ್ಕೆ ಇಡುತ್ತಿದ್ದರು. ನೀವು ಮಾಡುವುದಾದರೆ ಕಿಲೋ ಕೋಸಿಗೆ 20ರಿಂದ 25 ಗ್ರಾಂ ಉಪ್ಪು ಸಾಕು. ಕೋಸು ಉಪ್ಪುನೀರಿನೊಳಗೇ ಮುಳುಗಿರಬೇಕು, ಮೇಲೆ ತೇಲಿದರೆ ಗಾಳಿ ತಾಗಿ ಬೂಷ್ಟು ಹಿಡಿಯುತ್ತದೆ.

ಜೊತೆಗೆ ಟರ್ನಿಪ್ ಗೆಡ್ಡೆ, ಹುರುಳಿಕಾಯಿ, ಸೇಜ್ ಎಂಬ ಪರಿಮಳದ ಸೊಪ್ಪು, ಬಿಯರಿಗೆ ಕಹಿ ಕೊಡುವ ಹಾಪ್ಸ್. ಹಾಪ್ಸ್ ಬಳ್ಳಿಗೆ ಎತ್ತರದ ಕಂಬ ಬೇಕು. ಪಾತಿಯ ನಡುವೆ ನೆಟ್ಟರೆ ನೆಲದಡಿಯ ಕಾಂಡ ಹರಡಿ ಉಳಿದ ಗಿಡಗಳನ್ನು ನುಂಗಿಬಿಡುತ್ತದೆ, ಬೇಲಿಯಂಚೇ ಸರಿ. ಬಿಯರಿಗೆ ಹಾಕುವ ಕಾಯಿಗೊಂಚಲು ಬೇಕಾದರೆ ಹೆಣ್ಣುಗಿಡದ ಬೇರುತುಂಡನ್ನೇ ನೆಡಿ, ಬೀಜದಿಂದ ಗಂಡೂ ಬರಬಹುದು.

ಮದ್ದಿನ ಗಿಡಗಳಿಗೆ ಸೇಲಂಗಿಂತ ಮೊದಲೇ ಮೊರೇವಿಯನ್ನರು ಕಟ್ಟಿದ್ದ ಪಕ್ಕದ ಊರು ಬೆಥಾಬರಾದಲ್ಲಿ 1761ರಲ್ಲೇ ಪ್ರತ್ಯೇಕ ತೋಟವಿತ್ತು.