ಕುಳಿತಾಗ ಸಿಗುವ ಶಾಂತಿ ಕೆಲಸದ ನಡುವೆ ಏಕೆ ಉಳಿಯುವುದಿಲ್ಲ?

ಬೆಳಿಗ್ಗೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕುಳಿತಾಗ ದೊರೆಯುವ ಶಾಂತಿಯು ಕೆಲಸಕ್ಕೆ ಇಳಿದ ಸ್ವಲ್ಪ ಹೊತ್ತಿನಲ್ಲೇ ಕರಗಿಹೋಗುತ್ತದೆ, ಅದನ್ನು ದಿನವಿಡೀ ಉಳಿಸಿಕೊಳ್ಳುವುದು ಹೇಗೆ ಎಂದು ನೀವು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನೂ ಕೆಲವು ವರ್ಷ ಹೊತ್ತು ತಿರುಗಿದ್ದೇನೆ. ಶಾಂತಿಯನ್ನು ಉಳಿಸಿಕೊಳ್ಳುವ ಪ್ರಯತ್ನವನ್ನು ಕೈಬಿಟ್ಟ ಮೇಲೆಯೇ ನನಗೆ ದಾರಿ ಕಂಡಿತು. ಎಚ್ಚರ, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಗಮನಿಸುವುದು, ಬೇರೆ; ಶಾಂತಿ ಬೇರೆ. ಕೋಪ ಬಂದಿರುವಾಗ ‘ಈಗ ಕೋಪ ಬಂದಿದೆ’ ಎಂದು ತಿಳಿಯುವುದೂ ಎಚ್ಚರವೇ.

ಈ ಎಚ್ಚರದ ಅಭ್ಯಾಸಕ್ಕೆ ಪಾಲಿ ಭಾಷೆಯಲ್ಲಿರುವ ಹೆಸರು ‘ಸತಿ’. ಅದು ಸಂಸ್ಕೃತದ ‘ಸ್ಮೃತಿ’ಯೇ, ನೆನಪು ಎಂಬುದು ಅದರ ಮೂಲ ಅರ್ಥ. ಬೌದ್ಧರ ‘ಸತಿಪಟ್ಠಾನ ಸುತ್ತ’ ಎಂಬ ಉಪದೇಶದಲ್ಲಿ ಉಸಿರಾಟ ಮಾತ್ರವಲ್ಲ, ನಡೆಯುವುದು, ನಿಲ್ಲುವುದು, ಉಣ್ಣುವುದು, ಬಟ್ಟೆ ತೊಡುವುದು, ಮಾತನಾಡುವುದು, ಕೊನೆಗೆ ಮಲಮೂತ್ರ ವಿಸರ್ಜನೆಯೂ ಅಭ್ಯಾಸದ ನೆಲೆಯಾಗಿ ಬರುತ್ತದೆ. ದ್ವೇಷದಿಂದ ಕೂಡಿದ ಚಿತ್ತವನ್ನು ಹಾಗೆಂದೇ ಅರಿಯಬೇಕೆಂದು ಅಲ್ಲಿ ಹೇಳಿದೆ. ಇದನ್ನು ಓದಿದಾಗ ನನ್ನ ಮೇಲಿದ್ದ ದೊಡ್ಡ ಹೊರೆಯೊಂದು ಇಳಿಯಿತು. ಎಚ್ಚರವೆಂದರೆ ನೆನಪಾಗುವುದು ಎಂದಾದರೆ, ಮರೆಯುವುದು ಅಭ್ಯಾಸದ ಸೋಲಲ್ಲ, ಅದರದೇ ಒಂದು ಭಾಗ.

ಮರೆವು ನಿಮ್ಮೊಬ್ಬರದೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2,250 ವಯಸ್ಕರನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಶೇ. 47ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಡೆ ಇತ್ತು.

ಆದ್ದರಿಂದ ಇಡೀ ದಿನವನ್ನು ಹಿಡಿಯಲು ಹೋಗದೆ, ಹೇಗೂ ಮಾಡುವ ಒಂದು ಕೆಲಸವನ್ನು ಆರಿಸಿಕೊಳ್ಳಿ. ನಾನು ಆರಿಸಿಕೊಂಡದ್ದು ಬಾಗಿಲು ತೆರೆಯುವುದನ್ನು. ಹಿಡಿಕೆಯ ಮೇಲೆ ಕೈಯಿಟ್ಟಾಗ ಅದರ ತಂಪು, ಅಂಗಾಲಿನಡಿಯ ನೆಲ, ಒಂದು ಉಸಿರು, ಇಷ್ಟೇ. ಮೊದಲ ವಾರದಲ್ಲಿ ಹೆಚ್ಚಿನ ಸಲ ಬಾಗಿಲು ದಾಟಿದ ಮೇಲೆಯೇ ನನಗೆ ನೆನಪಾಗುತ್ತಿತ್ತು. ತಡವಾಗಿ ಬಂದ ಆ ನೆನಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ಮನಸ್ಸು ತಾನು ಹೊರಟುಹೋಗಿದ್ದನ್ನು ತಾನೇ ಕಂಡುಕೊಂಡ ಕ್ಷಣ ಅದು.

ಇದಕ್ಕಿಂತ ಕಠಿಣವಾದದ್ದೂ ಹೆಚ್ಚು ಫಲ ಕೊಟ್ಟದ್ದೂ ಇನ್ನೊಂದು ಅಭ್ಯಾಸ: ಮನಸ್ಸಿಗೆ ಚುಚ್ಚುವ ಸಂದೇಶ ಬಂದಾಗ ಉತ್ತರಿಸುವ ಮುನ್ನ ದೇಹವನ್ನು ಗಮನಿಸುವುದು. ಕೋಪವು ನನ್ನಲ್ಲಿ ಮಾತಾಗುವ ಮೊದಲೇ ದವಡೆಯ ಬಿಗಿತವಾಗಿ, ಎದೆಯ ಬಿಸಿಯಾಗಿ, ಬೆರಳುಗಳ ಅವಸರವಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ನಿಧಾನವಾಗಿ ತಿಳಿಯಿತು. ಆಗ ‘ನನಗೆ ಅವಮಾನವಾಗಿದೆ’ ಎಂದು ಮನಸ್ಸಿನೊಳಗೇ ಹೆಸರಿಟ್ಟು ಹೇಳಿಕೊಳ್ಳುತ್ತೇನೆ. ಹೆಸರು ಆದಷ್ಟು ನಿಖರವಾಗಿರಲಿ. ಕೋಪವೆಂದು ನಾನು ಕರೆಯುತ್ತಿದ್ದ ಎಷ್ಟೋ ಭಾವನೆಗಳು ನೋಡುತ್ತ ಹೋದಂತೆ ಭಯವೋ ದಣಿವೋ ಆಗಿದ್ದವು. ಭಾವನೆ ಅದರಿಂದ ಮಾಯವಾಗುವುದಿಲ್ಲ, ಆದರೆ ಉತ್ತರ ಬರೆಯುವುದೋ, ಸಂಜೆಯವರೆಗೆ ತಡೆಯುವುದೋ ಎಂಬ ಆಯ್ಕೆ ಮತ್ತೆ ನನ್ನ ಕೈಗೆ ಬರುತ್ತದೆ. ಆತ್ಮಾವಲೋಕನ ಎಂಬ ದೊಡ್ಡ ಪದಕ್ಕೆ ನನ್ನ ಬದುಕಿನಲ್ಲಿ ಸಿಕ್ಕಿರುವ ಅರ್ಥ ಈ ಸಣ್ಣ ಅಂತರವೇ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ತೀವ್ರ ಆಘಾತವನ್ನು ಅನುಭವಿಸಿದವರಿಗೆ, ವಿಪರೀತ ಗಾಬರಿಯ ತೊಂದರೆ ಇರುವವರಿಗೆ, ಉಸಿರನ್ನೋ ಎದೆಬಡಿತವನ್ನೋ ಗಮನಿಸುವುದರಿಂದ ಕಳವಳ ಹೆಚ್ಚಬಹುದು. ನಿಮಗೆ ಹಾಗಾದರೆ ಹಟ ಹಿಡಿದು ಮುಂದುವರಿಯಬೇಡಿ. ಕಣ್ಣು ತೆರೆದು, ಸುತ್ತಲಿನ ಸದ್ದುಗಳ ಕಡೆಗೋ ಅಂಗಾಲಿನ ಸ್ಪರ್ಶದ ಕಡೆಗೋ ಗಮನವನ್ನು ತಿರುಗಿಸಿ. ಆದರೂ ಕಳವಳ ಇಳಿಯದಿದ್ದರೆ ಮನೋವೈದ್ಯರನ್ನು ಕಂಡು ಮಾತನಾಡಿ, ಅಲ್ಲಿಯವರೆಗೆ ಅಭ್ಯಾಸವನ್ನು ನಿಲ್ಲಿಸಿ.